ಕೊರೊನಾ ವೈರಸ್‌ನ ಗುರುತು ಹಿಡಿದ ಜೂನ್ ಅಲ್ಮೇಡಾ

2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಕಾಣದೆ ನಿಂತಾಗ 'ಕೊರೊನಾ' ಎಂಬುದು ಮನೆಮನೆಯ ಮಾತಾಯಿತು. ಆದರೆ ವೈರಸ್‌ಗೆ ಆ ಹೆಸರು ಬಂದದ್ದು 1968ರಲ್ಲಿ. ಈ ಜಾತಿಯ ವೈರಸ್ ಮನುಷ್ಯರಲ್ಲೂ ಇದೆ ಎಂದು ಮೊದಲು ಕಣ್ಣಾರೆ ಕಂಡು ಫೋಟೊ ತೆಗೆದವರು ಬಸ್ ಡ್ರೈವರೊಬ್ಬರ ಮಗಳು, ಜೂನ್ ಅಲ್ಮೇಡಾ.

1930ರ ಅಕ್ಟೋಬರ್ 5ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಜನನ. ತವರಿನ ಹೆಸರು ಜೂನ್ ಹಾರ್ಟ್. ಅವರು ಚಿಕ್ಕವರಿದ್ದಾಗಲೇ ಆರು ವರ್ಷದ ತಮ್ಮ ಗಂಟಲಮಾರಿಗೆ (ಡಿಫ್ತೀರಿಯಾ) ಬಲಿಯಾದ. ಓದಿನಲ್ಲಿ ಮುಂದಿದ್ದರೂ ವಿಶ್ವವಿದ್ಯಾಲಯಕ್ಕೆ ಹೋಗಲು ಮನೆಯಲ್ಲಿ ಹಣವಿರಲಿಲ್ಲ. 16ನೇ ವಯಸ್ಸಿಗೆ ಶಾಲೆ ಬಿಟ್ಟು ಗ್ಲಾಸ್ಗೊ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದರು. ನಂತರ ಲಂಡನ್. 1954ರಲ್ಲಿ ವೆನೆಜುವೆಲಾದ ಚಿತ್ರಕಲಾವಿದರೊಬ್ಬರನ್ನು ಮದುವೆಯಾಗಿ ಕೆನಡಾಕ್ಕೆ ಹೋದರು. ಟೊರಾಂಟೊದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಅವರ ಕೈಗೆ ಬಂತು. ಪದವಿಯಿಲ್ಲದಿದ್ದರೂ ಸಂಶೋಧನಾ ಲೇಖನಗಳಲ್ಲಿ ಅವರ ಹೆಸರು ಕಾಣತೊಡಗಿತು.

ಕೊರೊನಾದಂಥ ವೈರಸ್‌ನ ಗಾತ್ರ ಸುಮಾರು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣದು. ಬೆಳಕಿನ ಬದಲು ಇಲೆಕ್ಟ್ರಾನ್ ಹಾಯಿಸಿದರೂ ಜೀವಕೋಶದ ಚೂರುಪಾರಿನ ನಡುವೆ ವೈರಸ್ ಯಾವುದು, ಕಸ ಯಾವುದು ಎಂದು ತಿಳಿಯುವುದೇ ಕಷ್ಟವಾಗಿತ್ತು. ಭಾರಲೋಹದ ಲವಣದಿಂದ ಸುತ್ತಲಿನ ಜಾಗವನ್ನು ಕಪ್ಪಾಗಿಸಿ, ಕರಿಹಲಗೆಯ ಮೇಲಿನ ಅಕ್ಕಿಕಾಳಿನಂತೆ ವೈರಸ್ಸನ್ನು ಬೆಳ್ಳಗೆ ತೋರಿಸುವ ವಿಧಾನವನ್ನು 1959ರಲ್ಲಿ ಬ್ರೆನರ್ ಮತ್ತು ಹಾರ್ನ್ ಪ್ರಕಟಿಸಿದ್ದರು. ಅಲ್ಮೇಡಾ ಇದಕ್ಕೆ ಪ್ರತಿಕಾಯಗಳನ್ನು ಸೇರಿಸಿದರು. ಸೋಂಕಿಗೆ ಒಳಗಾದವರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ತಮ್ಮ ಶತ್ರು ವೈರಸ್ಸಿಗೇ ಅಂಟಿ ಅದನ್ನು ಗುಂಪುಗೂಡಿಸುತ್ತವೆ. ಗುಂಪಾದದ್ದು ವೈರಸ್, ಬಿಡಿಯಾಗಿ ಬಿದ್ದದ್ದು ಕಸ!

1964ರಲ್ಲಿ ಪ್ರೊ. ವಾಟರ್‌ಸನ್ ಅವರ ಒತ್ತಾಯದ ಮೇರೆಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಬಂದರು. ಅಲ್ಲಿಗೆ ಸಾಲ್ಸ್‌ಬರಿಯ ನೆಗಡಿ ಸಂಶೋಧನಾ ಕೇಂದ್ರದ ಡೇವಿಡ್ ಟಿರೆಲ್ 'ಬಿ814' ಎಂಬ ಮಾದರಿ ಕಳುಹಿಸಿದರು. ಅದು ಶಾಲಾ ಬಾಲಕನೊಬ್ಬನ ನೆಗಡಿಯಿಂದ ಸಿಕ್ಕಿದ್ದು. ಟಿರೆಲ್‌ಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ಅಲ್ಮೇಡಾ ಮಾತ್ರ ನೋಡಿದ ಕೂಡಲೇ ಗುರುತು ಹಿಡಿದರು. ಸುತ್ತಲೂ ಪ್ರಭಾವಳಿಯಿದ್ದ ಇಂಥದೇ ಕಣಗಳನ್ನು ಅವರು ಕೋಳಿ, ಇಲಿಗಳ ರೋಗದಲ್ಲಿ ಮೊದಲೇ ಕಂಡಿದ್ದರು. ಆಗ ಅದರ ಬಗ್ಗೆ ಬರೆದ ಲೇಖನವನ್ನು, ಇವು ಫ್ಲೂ ವೈರಸ್ಸಿನ ಕೆಟ್ಟ ಫೋಟೊಗಳು ಎಂದು ಪರಿಶೀಲಕರು ತಿರಸ್ಕರಿಸಿದ್ದರು. ಈಗ ಹಳೆಯ ಚಿತ್ರಗಳಿಗೂ ಮರ್ಯಾದೆ ಬಂತು. 1967ರಲ್ಲಿ ಟಿರೆಲ್ ಜೊತೆಗಿನ ಲೇಖನ ಪ್ರಕಟವಾಯಿತು. ಲ್ಯಾಟಿನ್‌ನಲ್ಲಿ ಕಿರೀಟ ಎಂಬರ್ಥದ 'ಕೊರೊನಾ' ಹೆಸರನ್ನು ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಎಂಟು ಮಂದಿ ವಿಜ್ಞಾನಿಗಳು ಮುಂದಿಟ್ಟರು. ಅವರಲ್ಲಿ ಅಲ್ಮೇಡಾ ಒಬ್ಬರು.

ಅವರು ಕಣ್ಣಿನಿಂದ ಮಾಡುತ್ತಿದ್ದ ಈ ಆರಿಸುವ ಕೆಲಸವನ್ನು ಇಂದು ಕಂಪ್ಯೂಟರಿಗೂ ಕಲಿಸಲಾಗಿದೆ. ಹೆಪ್ಪುಗಟ್ಟಿಸಿದ ಮಾದರಿ ಹಾಳಾಗಬಾರದೆಂದು ಇಲೆಕ್ಟ್ರಾನ್‌ಗಳನ್ನು ಮಿತವಾಗಿ ಹಾಯಿಸುವುದರಿಂದ ಚಿತ್ರ ಮಸುಕಾಗಿರುತ್ತದೆ. ಉದಾಹರಣೆಗಳನ್ನು ನೋಡಿ ಕಲಿತ ಪ್ರೋಗ್ರಾಮುಗಳು ಆ ಮಸುಕನ್ನು ತಗ್ಗಿಸಿ ಕಣಗಳನ್ನು ಹೆಕ್ಕುತ್ತವೆ. ಸಾವಿರಾರು ಕಣಗಳ ಚಿತ್ರ ಕೂಡಿಸಿದಾಗ ಸ್ಪಷ್ಟ ರೂಪ ದೊರಕುತ್ತದೆ. ಆದರೆ ಯಂತ್ರ ತಾನು ಕಲಿತದ್ದನ್ನೇ ಇಲ್ಲದ ಕಡೆಯೂ ಕಾಣುವ ಅಪಾಯವುಂಟು. ಚಿತ್ರ ಚೆಂದವಾದ ಮಾತ್ರಕ್ಕೆ ಸತ್ಯವಾಗದು. ಅಲ್ಮೇಡಾ ವಿಧಾನದ ಬಲವಿದ್ದದ್ದು ಇಲ್ಲಿಯೇ: ಅಲ್ಲಿ ಸಾಕ್ಷಿ ಹೇಳುತ್ತಿದ್ದದ್ದು ರಕ್ತದ ಪ್ರತಿಕಾಯ.

ಪ್ರಕಟಿತ ಲೇಖನಗಳ ಆಧಾರದಲ್ಲೇ ಅವರಿಗೆ ಮುಂದೆ ಡಾಕ್ಟರೇಟ್ ದೊರಕಿತು. ರುಬೆಲ್ಲಾ ಮತ್ತು ಹೆಪಟೈಟಿಸ್ ಬಿ ವೈರಸ್‌ಗಳ ಮೇಲೂ ಕೆಲಸ ಮಾಡಿದರು. ಅವರಿಂದ ಈ ವಿಧಾನ ಕಲಿತ ಅಮೆರಿಕದ ಆಲ್ಬರ್ಟ್ ಕಪಿಕಿಯನ್, 1972ರಲ್ಲಿ ವಾಂತಿಭೇದಿ ತರುವ ನಾರ್ವಾಕ್ ವೈರಸ್ ಪತ್ತೆಹಚ್ಚಿದರು.

1985ರಲ್ಲಿ ನಿವೃತ್ತರಾದ ಮೇಲೆ ಅಲ್ಮೇಡಾ ಯೋಗ ಶಿಕ್ಷಕಿಯಾದರು, ಒಡೆದ ಪಿಂಗಾಣಿ ಪಾತ್ರೆಗಳನ್ನು ಜೋಡಿಸುವುದನ್ನೂ ಕಲಿತರು. ಆದರೆ ಏಡ್ಸ್ ಹಬ್ಬಿದಾಗ ಸೇಂಟ್ ಥಾಮಸ್‌ಗೆ ಸಲಹೆಗಾರರಾಗಿ ಮರಳಿ, ಎಚ್‌ಐವಿಯ ಚಿತ್ರ ತೆಗೆಯಲು ನೆರವಾದರು. 2007ರ ಡಿಸೆಂಬರ್ 1ರಂದು ಇಂಗ್ಲೆಂಡಿನ ಬೆಕ್ಸ್‌ಹಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 77 ವರ್ಷ.