ಕಲ್ಲುಹೂವಿನಲ್ಲಿ ಇಬ್ಬರನ್ನು ಕಂಡ ಶ್ವೆಂಡೆನರ್

ಬಿಸಿಬೇಳೆಬಾತ್ ಪುಡಿಗೆ ಹಾಕ್ತಾರಲ್ಲ, ಆ ಕಲ್ಲುಹೂವು ಹೂವೇ ಅಲ್ಲ ಅಂತ ನಮಗೆ ಗೊತ್ತಾಗಿದ್ದು ಈ ಸೆಮಿಸ್ಟರ್‌ನಲ್ಲಿ. ಹೂವು ಹೋಗಲಿ, ಅದು ಒಂದು ಗಿಡವೂ ಅಲ್ಲ. ಅದು ಲೈಕೆನ್. ಒಂದು ಶಿಲೀಂಧ್ರ, ಅಂದ್ರೆ ಫಂಗಸ್, ತನ್ನ ಎಳೆಗಳ ಮಧ್ಯೆ ಪಾಚಿಯ ಕಣಗಳನ್ನು ಇಟ್ಟುಕೊಂಡು ಬದುಕುವ ಜೋಡಿ. ಈ ಮಾತನ್ನು ಎಲ್ಲ ಲೈಕೆನ್‌ಗಳಿಗೂ ಅನ್ವಯಿಸಿ ಗಟ್ಟಿಯಾಗಿ ಹೇಳಿದವರು ಸೈಮನ್ ಶ್ವೆಂಡೆನರ್. ಹೇಳಿದ್ದಕ್ಕೆ ಅವರಿಗೆ ಚಪ್ಪಾಳೆಗಿಂತ ಮೊದಲು ಸಿಕ್ಕಿದ್ದು ಗೇಲಿ.

ಅವರು ಹುಟ್ಟಿದ್ದು 1829ರ ಫೆಬ್ರವರಿ 10ರಂದು, ಸ್ವಿಟ್ಜರ್ಲೆಂಡಿನ ಬುಕ್ಸ್ ಎಂಬಲ್ಲಿ, ಒಂದು ರೈತರ ಮನೆಯಲ್ಲಿ. ಜ್ಯೂರಿಕ್‌ನಲ್ಲಿ ಡಾಕ್ಟರೇಟ್ ಮುಗಿಸಿ ಮ್ಯೂನಿಕ್‌ಗೆ ಹೋಗಿ, ಆ ಕಾಲದ ದೊಡ್ಡ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಅವರಿಗೆ ಸಹಾಯಕರಾದರು. ಇಬ್ಬರೂ ಸೇರಿ ಸೂಕ್ಷ್ಮದರ್ಶಕದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಂದ್ರೆ, ಮುಂದೆ ಅವರು ಹೇಳಿದ್ದನ್ನು ಲೆನ್ಸ್‌ನ ದೋಷ ಅಂತ ತಳ್ಳಿಹಾಕೋದು ಅಷ್ಟು ಸುಲಭ ಇರಲಿಲ್ಲ.

ಲೈಕೆನ್ ಅನ್ನು ತೆಳ್ಳಗೆ ಕತ್ತರಿಸಿ ನೋಡಿದರೆ ಬಣ್ಣವಿಲ್ಲದ ಎಳೆಗಳೂ ಅವುಗಳ ನಡುವೆ ಹಸಿರು ಗುಂಡು ಕಣಗಳೂ ಕಾಣುತ್ತವೆ. ಆ ಹಸಿರು ಕಣಗಳು ಎಳೆಗಳ ತುದಿಯಿಂದಲೇ ಹುಟ್ಟುತ್ತವೆ, ಎಲ್ಲ ಸೇರಿ ಒಂದೇ ಸಸ್ಯ ಅಂತ ಆಗ ಬಹುತೇಕ ಎಲ್ಲರೂ ನಂಬಿದ್ದರು. ಶ್ವೆಂಡೆನರ್ ಕೂಡ ಮೊದಮೊದಲು ನಂಬಿದ್ದರು. ನಮಗೆ ಅವರಲ್ಲಿ ತುಂಬಾ ಹಿಡಿಸಿದ್ದು ಇದೇ. ವರ್ಷಗಟ್ಟಲೆ ಸ್ಲೈಡ್ ನೋಡಿದ ಮೇಲೆ ಅವರು ತಮ್ಮ ಹಳೇ ಅಭಿಪ್ರಾಯವನ್ನೇ ಬಿಟ್ಟುಕೊಟ್ಟರು. ಆ ಹಸಿರು ಕಣಗಳು ಒದ್ದೆ ಗೋಡೆ, ಮರದ ತೊಗಟೆ ಮೇಲೆ ತಾವಾಗಿ ಬೆಳೆಯುವ ಪಾಚಿಗಳೇ ಅಂತ ತೀರ್ಮಾನಿಸಿದರು. 1867ರಲ್ಲಿ ರೈನ್‌ಫೆಲ್ಡೆನ್‌ನಲ್ಲಿ ನಡೆದ ಸ್ವಿಸ್ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಮಂಡಿಸಿದರು. ಎರಡು ವರ್ಷದ ನಂತರ, ಯಾವ ಲೈಕೆನ್‌ನೊಳಗೆ ಯಾವ ಬಗೆಯ ಪಾಚಿ ಇದೆ ಅಂತ ಒಂದೊಂದಾಗಿ ಹೋಲಿಸಿ ಪ್ರಕಟಿಸಿದರು.

ಜೊತೆಗೆ ಒಂದು ಹೋಲಿಕೆಯನ್ನೂ ಕೊಟ್ಟರು: ಶಿಲೀಂಧ್ರ ಯಜಮಾನ, ಪಾಚಿಗಳು ಅದರ ಗುಲಾಮರು. ಈ ಹೋಲಿಕೆ ಬೇಡವಾಗಿತ್ತೇನೋ ಅಂತ ನಮಗೆ ಅನ್ನಿಸುತ್ತೆ. ಪ್ಯಾರಿಸ್‌ನಲ್ಲಿದ್ದ ವಿಲಿಯಂ ನೈಲಾಂಡರ್ ಲೈಕೆನ್‌ಗಳಿಗೆ ಹೆಸರಿಡುತ್ತಲೇ ಜೀವನ ಕಳೆದವರು. ಅವರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. ಜೇಮ್ಸ್ ಕ್ರಾಂಬಿ ಎಂಬ ಪಾದ್ರಿ 1874ರಲ್ಲಿ ಇದನ್ನು ಕ್ರೂರ ಶಿಲೀಂಧ್ರ ದೊರೆಯ ಸೆರೆಯಲ್ಲಿರುವ ಪಾಚಿ ಕನ್ಯೆಯ ಪ್ರೇಮಕಥೆ ಅಂತ ಆಡಿಕೊಂಡರು. ಅವರ ಸಿಟ್ಟೂ ಅರ್ಥವಾಗದ್ದೇನಲ್ಲ. ಲೈಕೆನ್ ಒಂದು ಸ್ವತಂತ್ರ ಗುಂಪೇ ಅಲ್ಲ ಅಂದ್ರೆ ಅವರ ಇಡೀ ಸಬ್ಜೆಕ್ಟೇ ಕೈತಪ್ಪಿ ಹೋದಂತೆ ಅಲ್ವಾ?

ಜಗಳ ಬಗೆಹರಿದದ್ದು ಲ್ಯಾಬ್‌ನಲ್ಲಿ. 1877ರಲ್ಲಿ ಅರ್ನ್ಸ್ಟ್ ಶ್ಟಾಲ್ ಶಿಲೀಂಧ್ರದ ಬೀಜಕಣವನ್ನೂ ಪಾಚಿಯನ್ನೂ ಸೇರಿಸಿ ಲೈಕೆನ್ ಅನ್ನೇ ಬೆಳೆಸಿ ತೋರಿಸಿದರು. ಮರುವರ್ಷ ಆಂಟನ್ ಡಿ ಬಾರಿ ತಮ್ಮ ಭಾಷಣದಲ್ಲಿ, ಬೇರೆ ಬೇರೆ ಜೀವಿಗಳು ಹೀಗೆ ಕೂಡಿ ಬದುಕುವುದಕ್ಕೆ ಸಿಂಬಯಾಸಿಸ್ ಅನ್ನೋ ಪದ ಬಳಸಿದರು.

ಅಷ್ಟರಲ್ಲಿ ಶ್ವೆಂಡೆನರ್ ಬೇರೆಯದೇ ಕೆಲಸದಲ್ಲಿದ್ದರು. ಸಿವಿಲ್, ಮೆಕ್ಯಾನಿಕಲ್‌ನವರು ಇಲ್ಲಿ ಗಮನಿಸಿ. 1874ರ ಪುಸ್ತಕದಲ್ಲಿ ಅವರು ಹುಲ್ಲಿನಂಥ ಗಿಡಗಳ ಕಾಂಡವನ್ನು ಐ-ಬೀಮ್ ಲೆಕ್ಕದಲ್ಲಿ ನೋಡಿದರು. ಬಾಗುವಾಗ ಒತ್ತಡ ಹೆಚ್ಚು ಬೀಳೋದು ಹೊರಭಾಗಕ್ಕೆ, ಅದಕ್ಕೇ ಗಟ್ಟಿ ನಾರು ನ್ಯೂಟ್ರಲ್ ಆಕ್ಸಿಸ್‌ನಿಂದ ದೂರ, ಅಂಚಿನಲ್ಲಿ ಇರುತ್ತೆ ಅಂತ ವಿವರಿಸಿದರು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ಯಾರಾದ್ರೂ ಇದನ್ನು ಹೇಳಿದ್ದಿದ್ರೆ ನಾವು ಇನ್ನೂ ಸ್ವಲ್ಪ ಎಚ್ಚರ ಇರ್ತಿದ್ವೇನೋ. ಬಾಸೆಲ್, ಟ್ಯೂಬಿಂಗನ್ ಆದ ಮೇಲೆ 1878ರಲ್ಲಿ ಬರ್ಲಿನ್‌ಗೆ ಪ್ರೊಫೆಸರ್ ಆಗಿ ಹೋದರು. 1919ರಲ್ಲಿ, ತೊಂಬತ್ತು ತುಂಬಿದ ಮೇಲೆ, ಅಲ್ಲೇ ತೀರಿಕೊಂಡರು.

ಲೈಕೆನ್‌ನಲ್ಲಿ ಇರೋದು ಇಬ್ಬರು ಅಂತ ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತೆ. ಒಂದು ಲೈಕೆನ್ ಹೊಸ ಜಾಗಕ್ಕೆ ಹೋಗುವಾಗ ಇಬ್ಬರೂ ಜೊತೆಗೇ ಹೋಗ್ತಾರಾ? ಇದಕ್ಕೆ ಸೂಕ್ಷ್ಮದರ್ಶಕ ಸಾಲದು, ಇಬ್ಬರ ಡಿಎನ್‌ಎಯನ್ನೂ ಬೇರೆಬೇರೆಯಾಗಿ ಓದಬೇಕು. ಶ್ವೆಂಡೆನರ್ ಹುಟ್ಟಿದ ದೇಶದ ಕಾಡುಗಳಲ್ಲೇ ಸಿಗುವ ಲೊಬೇರಿಯಾ ಪಲ್ಮೊನೇರಿಯಾ ಹೆಚ್ಚಾಗಿ ಹರಡುವುದು ಇಬ್ಬರನ್ನೂ ಒಟ್ಟಿಗೆ ಕಟ್ಟಿದ ಪುಡಿಯಂಥ ಪೊಟ್ಟಣಗಳಿಂದ. ಹಾಗಾಗಿ ಒಂದೇ ತಳಿಯ ಶಿಲೀಂಧ್ರದ ಜೊತೆ ಹೆಚ್ಚಾಗಿ ಒಂದೇ ತಳಿಯ ಪಾಚಿ ಸಿಗುತ್ತೆ. ಸೆಟ್ರೇರಿಯಾ ಅಕ್ಯುಲಿಯಾಟಾ ಹಾಗಲ್ಲ. ಅದು ಧ್ರುವ ಪ್ರದೇಶದಲ್ಲೂ ಇದೆ, ಮೆಡಿಟರೇನಿಯನ್ ಬಳಿಯೂ ಇದೆ. ಶಿಲೀಂಧ್ರ ಅದೇ, ಆದರೆ ಚಳಿಯ ಕಡೆ ಒಂದು ಬಗೆಯ ಪಾಚಿ, ಬೆಚ್ಚಗಿನ ಕಡೆ ಇನ್ನೊಂದು. ಊರಿಗೆ ತಕ್ಕ ಜೊತೆಗಾರ. ಗುಲಾಮನನ್ನು ಕಟ್ಟಿ ಎಳೆದೊಯ್ಯುವ ಯಜಮಾನ ಇಲ್ಲಿ ಕಾಣೋದಿಲ್ಲ. ಅಲ್ಲಿನ ಹವೆಗೆ ಒಗ್ಗಿದ ಪಾಚಿ ಇಲ್ಲದೆ ಅವನು ಅಲ್ಲಿ ಉಳಿಯೋದೇ ಕಷ್ಟ ಅನ್ನಿಸುತ್ತೆ.

ಆದ್ರೂ ಇವತ್ತಿಗೂ ಲೈಕೆನ್‌ಗೆ ಕೊಡುವ ವೈಜ್ಞಾನಿಕ ಹೆಸರು ನಿಯಮದ ಪ್ರಕಾರ ಶಿಲೀಂಧ್ರದ್ದೇ. ನಮ್ಮ ಕಲ್ಲುಹೂವಿನ ಹೆಸರು ಪಾರ್ಮೊಟ್ರೀಮಾ, ಒಳಗೆ ಕೂತು ಬಿಸಿಲಿನಿಂದ ಊಟ ತಯಾರಿಸೋದು ಟ್ರೆಬೂಕ್ಸಿಯಾ ಅನ್ನೋ ಪಾಚಿ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ರಾತ್ರಿಯೆಲ್ಲ ಕೋಡ್ ಬರೆದು, ರಿಪೋರ್ಟ್‌ನ ಕವರ್ ಪೇಜಿನಲ್ಲಿ ಹೆಸರು ಕಾಣದವರಿಗೆ ಇದರ ಸಂಕಟ ನಾವು ಬಿಡಿಸಿ ಹೇಳಬೇಕಿಲ್ಲ.