ಬಟಾಣಿಯ ಮೊಳಕೆಯೂ ಫಾಲ್ಕೆಯವರೂ

ಕೃಷ್ಣರಾಜಪುರದ ನಮ್ಮ ಶಾಲೆಯ ಕೈತೋಟದಲ್ಲಿ ಕಾಳನ್ನು ಬಿತ್ತಿದ ಬಾಲಿಕೆಯು ಮರುದಿನವೇ ಮಣ್ಣನ್ನು ಕೆದಕಿ ನೋಡುವುದುಂಟು. ಬೆಳವಣಿಗೆಯು ಎಡೆಬಿಡದೆ ನಡೆಯುತ್ತಿದ್ದರೂ ಅದರ ಗತಿಯು ಬಲು ಮಂದವಾದುದರಿಂದ ಕಣ್ಣಿಗೆ ಗೋಚರಿಸದು. ಕಾಣದ ಈ ಚಲನೆಯನ್ನು ನಮ್ಮ ದೇಶದಲ್ಲಿ ತೆರೆಯ ಮೇಲೆ ಕಾಣಿಸಿದ ಮಹನೀಯರು ಧುಂಡಿರಾಜ ಗೋವಿಂದ ಫಾಲ್ಕೆಯವರು.

ಇವರು 1870ನೆಯ ಇಸವಿ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಮುಂಬಯಿಯ ಜೆ. ಜೆ. ಚಿತ್ರಕಲಾಶಾಲೆಯಲ್ಲಿಯೂ ಬರೋಡೆಯ ಕಲಾಭವನದಲ್ಲಿಯೂ ಕಲಿತು, ಛಾಯಾಗ್ರಹಣ, ಮುದ್ರಣ ಮೊದಲಾದ ಉದ್ಯೋಗಗಳನ್ನು ನಡೆಸಿದರು. 1911ರಲ್ಲಿ ಯೇಸುಸ್ವಾಮಿಯ ಚರಿತ್ರೆಯ ಚಲಚ್ಚಿತ್ರವನ್ನು ಮುಂಬಯಿಯಲ್ಲಿ ನೋಡಿದಂದಿನಿಂದ, ನಮ್ಮ ಪುರಾಣಕಥೆಗಳನ್ನೂ ಹಾಗೆಯೇ ತೋರಿಸಬೇಕೆಂಬ ಹಂಬಲವು ಅವರ ಮನಸ್ಸಿನಲ್ಲಿ ನೆಲೆಗೊಂಡಿತು. 1912ರಲ್ಲಿ ಜೀವವಿಮೆಯ ಮೇಲೆ ಸಾಲವೆತ್ತಿ ಲಂಡನ್ನಿಗೆ ತೆರಳಿ, ಕೆಲಸವನ್ನು ಅರಿತು ಬಂದು, ಅಲ್ಲಿಂದ ಕ್ಯಾಮರಾವನ್ನು ತರಿಸಿಕೊಂಡರು.

ಆದರೆ ಕಂಡರಿಯದ ಉದ್ಯಮಕ್ಕೆ ಹಣ ಕೊಡುವವರು ಯಾರು? ಫಾಲ್ಕೆಯವರು ಒಂದು ಕುಂಡದಲ್ಲಿ ಬಟಾಣಿಯನ್ನು ಬಿತ್ತಿ, ಅದರೆದುರಿಗೆ ಕ್ಯಾಮರಾವನ್ನು ನಿಲ್ಲಿಸಿ, ಒಂದು ತಿಂಗಳಿಗೂ ಮಿಗಿಲಾಗಿ, ಬಿಟ್ಟು ಬಿಟ್ಟು ಒಂದೊಂದೇ ಚಿತ್ರವನ್ನು ಹಿಡಿಯುತ್ತ ಬಂದರು. ಇದರ ಮರ್ಮವು ಸುಲಭವಾದುದು. ಮೂಕಚಿತ್ರಗಳ ಆ ಕಾಲದಲ್ಲಿ ತೆರೆಯ ಮೇಲೆ ಸೆಕೆಂಡಿಗೆ ಸುಮಾರು 16 ಚಿತ್ರಗಳು ಹಾಯುತ್ತಿದ್ದುವು. ಗಂಟೆಗೊಂದರಂತೆ ಹಿಡಿದರೆ 30 ದಿನಗಳಿಗೆ 720 ಚಿತ್ರಗಳಾಗುವುವು. ಅವನ್ನು ಆ ವೇಗದಲ್ಲಿ ತೋರಿಸಿದರೆ ತಿಂಗಳ ಬೆಳವಣಿಗೆಯು 45 ಸೆಕೆಂಡುಗಳಲ್ಲಿ ಮುಗಿಯುವುದು. ಗಿಡದ ಗತಿಯು ಹೆಚ್ಚುವುದಿಲ್ಲ. ನಡುವಣ ಕಾಲವು ಮಾತ್ರ ಬಿಟ್ಟುಹೋಗುವುದು.

ಕಾಳು ಮೊಳೆತು ಗಿಡವಾಗುವುದನ್ನು ಕಣ್ಣಾರೆ ಕಂಡ ಮೇಲೆ ಸಾಲ ಕೊಡುವವರು ದೊರೆತರು. ಪತ್ನಿ ಸರಸ್ವತೀಬಾಯಿಯವರು ತಮ್ಮ ಒಡವೆಗಳನ್ನು ಒತ್ತೆಯಿಡಲು ಒಪ್ಪಿದುದಲ್ಲದೆ, ಕೆಲಸದವರೆಲ್ಲರಿಗೂ ಅಡಿಗೆ ಮಾಡಿ ಬಡಿಸಿ, ಫಿಲ್ಮಿನ ಅಂಚಿಗೆ ರಂಧ್ರ ಹಾಕುವುದನ್ನೂ ಕಲಿತರು. 1913ನೆಯ ಮೇ 3ರಂದು ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ವು ಪ್ರದರ್ಶಿತವಾಯಿತು. ನಟಿಸಲು ಸ್ತ್ರೀಯರು ಮುಂದೆ ಬಾರದುದರಿಂದ ತಾರಾಮತಿಯ ಪಾತ್ರವನ್ನು ಪುರುಷರೊಬ್ಬರು ವಹಿಸಬೇಕಾಯಿತು. ಆರು ವರ್ಷಗಳ ತರುವಾಯ ‘ಕಾಳಿಯ ಮರ್ದನ’ದಲ್ಲಿ ಬಾಲಕೃಷ್ಣನಾಗಿ ನಟಿಸಿದವಳು ಫಾಲ್ಕೆಯವರ ಮಗಳು ಮಂದಾಕಿನಿ. ಫಾಲ್ಕೆಯವರು 1944ನೆಯ ಫೆಬ್ರವರಿ 16ರಂದು ನಾಸಿಕದಲ್ಲಿ ಕಾಲವಾದರು.

ಮಗಳನ್ನು ದಿನವೂ ನೋಡುವ ತಾಯಿತಂದೆಗಳಿಗೆ ಅವಳ ಏಳಿಗೆಯು ತೋರದಿರಬಹುದು. ಆದರೆ ವರ್ಷಗಳ ಮೇಲೆ ಶಾಲೆಗೆ ಮರಳಿ ಬಂದ ಹಿರಿಯ ವಿದ್ಯಾರ್ಥಿನಿಯನ್ನು ಕಂಡಾಗ, ಅವಳ ಉಪಾಧ್ಯಾಯಿನಿಗೆ ಆ ಬಟಾಣಿಯ ಚಿತ್ರವೇ ಕಣ್ಮುಂದೆ ಹಾಯುವುದು. ಕೆದಕದೆ ಕಾದವರಿಗೆ ದೊರೆಯುವ ನೋಟವಿದು.