ಎಳೆಗೂಸುಗಳಿಗೆ ಕಾವು ಕೊಟ್ಟ ತಾರ್ನಿಯೇ

ಉಳಿಸಿಕೊಳ್ಳಲೆಂದು ಆಸ್ಪತ್ರೆಗೆ ಸೇರಿಸಿದ ಅವಧಿಪೂರ್ವ ಶಿಶುವಿಗೆ ಅಲ್ಲಿಯೇ ಬ್ಯಾಕ್ಟೀರಿಯಾ ಸೋಂಕು ತಗಲುವುದು ನವಜಾತ ಶಿಶು ಘಟಕಗಳನ್ನು ಇಂದಿಗೂ ಕಾಡುತ್ತಿರುವ ಸಂಕಟ. ಇನ್‌ಕ್ಯುಬೇಟರನ್ನು ಹೆರಿಗೆ ಆಸ್ಪತ್ರೆಗೆ ತಂದು ಹೆಸರಾದ ಫ್ರೆಂಚ್ ವೈದ್ಯ ಸ್ಟೆಫಾನ್ ತಾರ್ನಿಯೇ ಅವರು ವೃತ್ತಿಜೀವನ ಆರಂಭಿಸಿದ್ದೇ ಆಸ್ಪತ್ರೆಯ ಸೋಂಕನ್ನು ಎದುರಿಸುವುದರೊಂದಿಗೆ.

1828ರ ಏಪ್ರಿಲ್ 29ರಂದು ದಿಜೋನ್ ಸಮೀಪದ ಎಸೆರೆ ಗ್ರಾಮದಲ್ಲಿ ಜನಿಸಿದ ಅವರು, 1856ರಲ್ಲಿ ಕಿರಿಯ ವೈದ್ಯರಾಗಿ ಪ್ಯಾರಿಸ್ಸಿನ ಮೆಟರ್ನಿಟೆ ಆಸ್ಪತ್ರೆಗೆ ಬಂದರು. ಬಾಣಂತಿ ಜ್ವರದಿಂದ ತಾಯಂದಿರು ಸಾಲುಸಾಲಾಗಿ ಸಾಯುತ್ತಿದ್ದ ಕಾಲವದು. ತಾರ್ನಿಯೇ ಆಸ್ಪತ್ರೆಯ ಸಾವುಗಳನ್ನು ಎಣಿಸಿ, ಅದೇ ಭಾಗದಲ್ಲಿ ಮನೆಯಲ್ಲೇ ಹೆತ್ತವರ ಸಾವುಗಳೊಂದಿಗೆ ಹೋಲಿಸಿದರು. ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಹೆಚ್ಚಾಗಿತ್ತು. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೆಂದು 1857ರ ಪ್ರೌಢಪ್ರಬಂಧದಲ್ಲಿ ವಾದಿಸಿದರು. ಹಿರಿಯರು ಸುಲಭವಾಗಿ ಒಪ್ಪಲಿಲ್ಲ. ರೋಗಾಣುಗಳ ಪಾತ್ರ ಇನ್ನೂ ರುಜುವಾತಾಗಿರಲಿಲ್ಲ; ಇಪ್ಪತ್ತೊಂಬತ್ತರ ತರುಣನ ಕೈಯಲ್ಲಿದ್ದುದು ಅಂಕಿಗಳು ಮಾತ್ರ.

1867ರಲ್ಲಿ ಅದೇ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದ ಮೇಲೆ ಬಾಣಂತಿಯರನ್ನು ಪರಸ್ಪರ ದೂರವಿಡುವ ವ್ಯವಸ್ಥೆಗೆ ಪಟ್ಟು ಹಿಡಿದರು. 1876ರಲ್ಲಿ ಸಿದ್ಧವಾದ ಹೊಸ ಕಟ್ಟಡದ ಕೋಣೆಗಳಿಗೆ ಒಳಗಿನಿಂದ ಸಂಪರ್ಕವಿರಲಿಲ್ಲ. ಬಾಗಿಲುಗಳು ಹೊರಗಷ್ಟೇ ತೆರೆಯುತ್ತಿದ್ದವು.

ಅದರ ಬಳಿಕ ಪ್ಯಾರಿಸ್ಸಿನ ಪ್ರಾಣಿ ಸಂಗ್ರಹಾಲಯವೊಂದರಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವನ್ನು ಕಂಡರು. ಅದನ್ನು ನಿರ್ಮಿಸಿದ್ದ ಒದಿಲ್ ಮಾರ್ತೆ ಅವರಿಂದಲೇ ಶಿಶುಗಳಿಗೂ ಒಂದನ್ನು ಮಾಡಿಸಿದರು. 1880ರಲ್ಲಿ ಮೆಟರ್ನಿಟೆಗೆ ಬಂದ ಆ ಮರದ ಪೆಟ್ಟಿಗೆಗೆ ಎರಡು ಪದರದ ಗೋಡೆ. ನಡುವೆ ಮರದ ಹೊಟ್ಟು, ತಳದಲ್ಲಿ ಬಿಸಿನೀರು. ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಮರಣ ಪ್ರಮಾಣ ಶೇ. 66ರಿಂದ 38ಕ್ಕೆ ಇಳಿಯಿತು. ಚೀಪಲಾರದ ಕೂಸುಗಳಿಗೆ ರಬ್ಬರ್ ನಳಿಕೆಯಿಂದ ಹಾಲುಣಿಸುವ ಕ್ರಮವನ್ನೂ ಅವರು ರೂಢಿಗೆ ತಂದರು.

ಆದರೆ ತಾಯಂದಿರನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟ ವೈದ್ಯರ ಮೊದಲ ಪೆಟ್ಟಿಗೆಯಲ್ಲೇ ಹಲವು ಕೂಸುಗಳು ಒಟ್ಟಿಗೆ ಮಲಗುತ್ತಿದ್ದವು! ಒಂದೊಂದೇ ಕೂಸಿನ ಪೆಟ್ಟಿಗೆಗಳು ಬಂದದ್ದು ಆಮೇಲೆ. 1893ರಲ್ಲಿ ಅಲ್ಲಿಯ ಮುಖ್ಯ ಸೂಲಗಿತ್ತಿ ಮದಾಂ ಆನ್ರಿ ಅವರ ಮುತುವರ್ಜಿಯಿಂದ ದುರ್ಬಲ ಶಿಶುಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಹೊರಗಿನಿಂದಲೂ ಕೂಸುಗಳು ಬಂದವು, ಅವುಗಳೊಂದಿಗೆ ಸೋಂಕೂ ಬಂತು. ಕಾವು ಸಿಕ್ಕಿ ಬದುಕಬೇಕಾಗಿದ್ದವು ಪಕ್ಕದ ಕೂಸಿನ ರೋಗಕ್ಕೆ ಬಲಿಯಾದವು.

1895ರಲ್ಲಿ ಮೆಟರ್ನಿಟೆಯ ಹೊಣೆ ಹೊತ್ತ ತಾರ್ನಿಯೇ ಅವರ ಶಿಷ್ಯ ಪಿಯೇರ್ ಬುದೇನ್, ರೋಗ ತಗಲಿದ ಶಿಶುಗಳನ್ನು ಆರೋಗ್ಯವಂತ ಶಿಶುಗಳಿಂದ ಬೇರ್ಪಡಿಸಿದರು. ಗುರು ನಾಲ್ಕು ದಶಕಗಳ ಹಿಂದೆ ತಾಯಂದಿರಿಗಾಗಿ ಕೇಳಿದ್ದೂ ಅದನ್ನೇ. ಎರಡು ವರ್ಷಗಳ ನಂತರ, 1897ರ ನವೆಂಬರ್ 23ರಂದು ತಾರ್ನಿಯೇ ಪ್ಯಾರಿಸ್ಸಿನಲ್ಲಿ ನಿಧನರಾದರು.